ಅಡ್ಡಾಡೂದು ಬ್ಯಾರೆ, ದಗದ ಬ್ಯಾರೆ

ತಿಕೋಟಾಕ್ಕ ಕೊಟ್ಟ ನಮ್ಮ ತಂಗಿ ಮಗಳು ಗಾಡಿ ಮ್ಯಾಲಿಂದ ಬಿದ್ದು ಮೂಗಿನ ಎಲುಬು ಮುರಕೊಂಡಿದ್ಲು. ಇಲ್ಲೇ ವಿಜಯಪುರದಾಗ ಆಪರೇಶನ್ ಮಾಡಿ, ಎಲುಬು ನೆಟ್ಟಗ ಕುಂಡ್ರಿಸಿ, ಮ್ಯಾಲೆ ಪಟ್ಟಿ ಹಾಕಿ ಮರುದಿನ ಮನಿಗೆ ಕಳಿಸಿದ್ರು. ನೋಡಾಕ ಹೋದ್ರ ಮಾರಿ ಗುರ್ತ ಹತ್ತಲಿಲ್ರಿ. ಕಣ್ಣಿನ ಕೆಳಗ ಬದನಿಕಾಯಿ ಬಣ್ಣ, ಗಲ್ಲ ಪುಗ್ಗಾದಂಗ ಉಬ್ಬಿದ್ದುವು. ಇದಕ್ಕ ಯಾರೂ ಅಂಜಬ್ಯಾಡ್ರಿ. ಬಾವು ಎರಡ್ಮೂರು ದಿನ ಏರಿ ಆಮ್ಯಾಲೆ ಇಳೀತೈತಿ. ನೀಲಿ ಇದ್ದದ್ದು ಹಸಿರಾಗಿ, ಹಳದಿಯಾಗಿ 10-15 ದಿನದಾಗ ಹೋಗತೈತಿ.

ಡಾಕ್ಟರು ಹೇಳಿದ್ದು ಇಷ್ಟ: ಎರಡ್ಮೂರು ತಲಿದಿಂಬ ಇಟಗೊಂಡು ತಲಿ ಎತ್ತರ ಮಾಡಿ ಮಲಗಬೇಕು. ಮೊದಲ 2 ದಿನ ಅರಿಬ್ಯಾಗ ಬರ್ಫ ಸುತ್ತಿ ಗಲ್ಲಕ್ಕ ಹಿಡೀಬೇಕು, ಮೂಗಿಗೆ ಒತ್ತಬಾರದು. ಮೂಗು ಸೀನಬಾರದು, ಸೀನು ಬಂದ್ರ ಬಾಯಿ ತೆರೀಬೇಕು. ಮತ್ತ ದಿನಾ ಮನಿಯೊಳಗ ಸಾವಕಾಶ ಅಡ್ಡಾಡಬೇಕು. ಮಲಗೇ ಇದ್ರ ಕಾಲಾಗ ರಗತ ಹೆಪ್ಪುಗಟ್ಟೂ ಭೇವು, ಮಾರಿ ಬಾವೂ ಲಗೂ ಇಳಿಯೂದಿಲ್ಲ.

ಬಬಲೇಶ್ವರದಾಗಿನ ನಮ್ಮವ್ವ ಫೋನ್ ಮಾಡಿ, "ಗಾಳಿ ಬಡೀತೈತಿ, ಹಾಸಗಿ ಬಿಟ್ಟು ಏಳಬ್ಯಾಡ" ಅಂದ್ಲು. ಅತ್ತಿ ಮನ್ಯಾಗ ಉಲ್ಟಾ. ನಾಕನೇ ದಿನ ಪಡಸಾಲ್ಯಾಗ ಅಡ್ಡಾಡೂದು ಕಂಡು ಅತ್ತಿ, "ಅಡ್ಡಾಡಾಕ ಬರತೈತಿ, ಕಸಾ ಹೊಡ್ಯಾಕ ಬರೂದಿಲ್ಲೇನ?" ಅಂದ್ರಂತ. ಹುಡುಗಿ ಪಾಪ, ಬಗ್ಗಿ ಕಸಾ ಹೊಡದ್ಲು, ಒಂದು ಕೊಡ ನೀರು ಎತ್ತಿದ್ಲು. ಮೂಗಿನಿಂದ ರಗತ ದಳದಳ. ರಾತ್ರೋರಾತ್ರಿ ಮತ್ತ ದವಾಖಾನಿಗೆ ಓಡಿದ್ರು. ದೇವರ ದಯಾ, ನಿಂತಿತು.

ಬಗ್ಗಿದ್ರ, ಭಾರ ಎತ್ತಿದ್ರ ರಗತ ತಲಿಗೆ ಏರತೈತಿ, ಹಸಿ ಗಾಯ ತಡಕೊಳ್ಳೂದಿಲ್ಲ. ಒಲಿ ಮುಂದಿನ ಝಳಾನೂ ಹಂಗ. ಅಡ್ಡಾಡೂದು ಔಷಧ ಇದ್ದಂಗ, ದಗದ ಅಲ್ಲ. ಆದ್ರ ನಮ್ಮ ಮನಿಗೋಳಾಗ ಹೆಣಮಗಳು ಮಲಗಿದ್ರಷ್ಟ ಜಡ್ಡು. ಎದ್ದು ನಿಂತ್ಲಂದ್ರ ಕೈಯಾಗ ಕಸಬರಗಿ ಬಂತಂತ ತಿಳೀರಿ. ನಮ್ಮ ಮನಿಯವರು ಹರ್ನಿಯಾ ಆಪರೇಶನ್ ಆದಮ್ಯಾಲೆ ತಿಂಗಳಗಟ್ಲೆ ಗೋಳಗುಮ್ಮಟದ ಕಡೆ ಆರಾಮ ಅಡ್ಡಾಡಿ ಬಂದ್ರು. ಅವರಿಗೆ "ಹೆಂಗೂ ಅಡ್ಡಾಡ್ತೀರಿ, ಕೊಡ ತುಂಬ್ರಿ" ಅಂತ ನಾನೂ ಅನಲಿಲ್ಲ ನೋಡ್ರಿ.

ಅವರತ್ತಿಗೆ ನಾನು ಸಿಟ್ಟು ಮಾಡಲಿಲ್ಲ. ಅವರು ಬಾಣಂತನದಾಗೂ ಮುಸುರಿ ತಿಕ್ಕಿದವರು, ಅವರಿಗೆ ಯಾರು ಬ್ಯಾಡ ಅಂದಿದ್ರು? "ವೈನಿ, ಇನ್ನೆರಡು ವಾರ ಬರೇ ಅಡ್ಡಾಡ್ಲಿ" ಅಂದೆ. ಹೂಂ ಅಂದಾರ. ಖಡಕ್ ರೊಟ್ಟಿ ಅಗಿಯಾಕ ಆಕಿಗೆ ಆಗೂದಿಲ್ಲ. ಅದಕ್ಕ ನಾಳಿಂದ ಮೆತ್ತನ್ನ ರೊಟ್ಟಿ, ಬ್ಯಾಳಿ ಪಲ್ಯೆ ಮುಂಜಾನಿ ತಿಕೋಟಾ ಬಸ್ಸಿಗೆ ಕೊಟ್ಟು ಕಳಸ್ತೀನಿ.