ಸರಕು ಸಾಗಣೆ: ಚಾಲಕರ ವಿಶ್ರಾಂತಿ ಯಾವ ಲೆಕ್ಕಕ್ಕೆ?

ನಮ್ಮ ಸಂಸ್ಥೆಯ ಸದಸ್ಯ ಬಾಂಧವರಲ್ಲಿ ಬಹುಪಾಲು ಜನರು ತಮ್ಮ ಸರಕಿನ ಲಾರಿ ಎಲ್ಲಿದೆ ಎಂಬುದನ್ನು ಅರಿಯಲು ಇಂದು ಯಾರನ್ನೂ ಕೇಳಬೇಕಾಗಿಲ್ಲ. ಅಂಗೈಯಲ್ಲಿರುವ ಮೊಬೈಲ್ ಫೋನೇ ಅದನ್ನು ತಿಳಿಸುತ್ತದೆ. 1990ರ ದಶಕದಲ್ಲಿ ನಾನು ಹುಬ್ಬಳ್ಳಿಯ ಹಿರಿಯ ಲೆಕ್ಕಪರಿಶೋಧಕರೊಬ್ಬರ ಬಳಿ ತರಬೇತಿ ಪಡೆಯುತ್ತಿದ್ದಾಗ ಬಿಲ್ಟಿ ಅಂಚೆಯಲ್ಲಿ ಹೋಗುತ್ತಿತ್ತು, ಲಾರಿ ತಲುಪಿದ ಸುದ್ದಿ ಎಸ್.ಟಿ.ಡಿ. ಬೂತಿನಿಂದ ಬರುತ್ತಿತ್ತು, ನಡುವಿನ ಎರಡು ದಿನ ಲಾರಿ ಎಲ್ಲಿತ್ತು ಎಂಬುದು ದೇವರಿಗೇ ಗೊತ್ತು. ಆ ಕಾಲ ಹೋಯಿತು. ಹೋದದ್ದು ಒಳ್ಳೆಯದೇ ಆಯಿತು. ಆದರೆ ಹೊಸದಾಗಿ ದೊರೆತ ಈ ಸೌಲಭ್ಯವನ್ನು ನಾವು ಬಳಸುತ್ತಿರುವ ರೀತಿಯ ಬಗ್ಗೆ ಲೆಕ್ಕಪತ್ರಗಳನ್ನು ನೋಡುವವನಾಗಿ ನನಗೊಂದು ತಕರಾರಿದೆ.

ಹೋದ ವರ್ಷ ಕಕ್ಷಿದಾರರೊಬ್ಬರ ಕಾರ್ಖಾನೆಯ ಲೆಕ್ಕಪರಿಶೋಧನೆಯಲ್ಲಿ ಚಾಲಕರ ಬತ್ತೆಯ ವೋಚರುಗಳನ್ನು ತಾಳೆ ನೋಡುತ್ತಿದ್ದೆ. ಅವರದು ಪಂಪ್‌ಸೆಟ್ಟಿನ ಎರಕದ ಬಿಡಿಭಾಗಗಳ ತಯಾರಿಕೆ. ಸ್ವಂತದ ಲಾರಿಗಳು ಎರಡು, ಮಿಕ್ಕವು ಬಾಡಿಗೆಯವು. ಬತ್ತೆಯ ದಿನಾಂಕಗಳನ್ನು ಖಚಿತಪಡಿಸಿಕೊಳ್ಳಲು ಸ್ವಂತ ಲಾರಿಯೊಂದರ ಫಾಸ್ಟ್ಯಾಗ್ ವಿವರಪಟ್ಟಿಯನ್ನು ತರಿಸಿದೆ. ಒಂದು ರಾತ್ರಿಯ ದಾಖಲೆ ಹೀಗಿತ್ತು: ಬಂಕಾಪುರ ಟೋಲ್ 10.50, ಹೆಬ್ಬಾಳು 1.40, ಗುಯಿಲಾಳು 3.50, ಕರಜೀವನಹಳ್ಳಿ 5.00. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ತುಂಬಿದ ಲಾರಿ ಗಂಟೆಗೆ ಸುಮಾರು 40 ಕಿ.ಮೀ. ಸರಾಸರಿಯಲ್ಲಿ ಸಾಗುತ್ತದೆಯೆಂದರೆ, ಈ ವೇಳೆಗಳ ನಡುವೆ ಚಹಾ ಕುಡಿಯಲು ಹತ್ತು ನಿಮಿಷಕ್ಕೂ ಎಡೆಯಿಲ್ಲ. ಅಷ್ಟಕ್ಕೇ ಸುಮ್ಮನಾಗಬಹುದಿತ್ತು. ಆದರೆ ಅಭ್ಯಾಸಬಲದಿಂದ ಗೇಟ್ ರಿಜಿಸ್ಟರನ್ನೂ ತೆಗೆಸಿದೆ. ಅದೇ ಲಾರಿ ಅದೇ ದಿನ ಬೆಳಿಗ್ಗೆ ಬೆಂಗಳೂರಿನಿಂದ ಹಿಂದಿರುಗಿ 11 ಗಂಟೆಗೆ ಗೇಟಿನೊಳಗೆ ಬಂದಿತ್ತು. ಲೋಡ್ ಆಗಿ ಹೊರಟದ್ದು ರಾತ್ರಿ 9.30ಕ್ಕೆ. ಚಾಲಕ ಅವನೇ. ಸರದಿಯಲ್ಲಿ ನಿಂತು, ಆಗಾಗ ಎದ್ದು ಲಾರಿಯನ್ನು ಮುಂದೆ ಸರಿಸುತ್ತ, ನಡುನಡುವೆ ಕ್ಯಾಬಿನ್‌ನಲ್ಲಿ ಕಣ್ಣು ಮುಚ್ಚಿದ್ದರೆ ಅದೇ ಅವನ ನಿದ್ರೆ.

ಮೂರು ಕಾಗದಗಳಲ್ಲಿಯೂ ಲೆಕ್ಕದ ದೃಷ್ಟಿಯಿಂದ ಯಾವ ದೋಷವೂ ಇರಲಿಲ್ಲ. ಬತ್ತೆ ಸರಿ, ಟೋಲ್ ಸರಿ, ಗೇಟ್ ಸಮಯ ಸರಿ. ಪಕ್ಕಪಕ್ಕದಲ್ಲಿಟ್ಟು ಓದಿದಾಗ ಮಾತ್ರ, ಎರಡು ರಾತ್ರಿ ನಿದ್ರೆಯಿಲ್ಲದ ಮನುಷ್ಯನೊಬ್ಬನ ಕೈಗೆ ನಾವು ಹದಿನಾರು ಟನ್ ಕಬ್ಬಿಣವನ್ನು ಕೊಟ್ಟು ಕಳುಹಿಸಿದ್ದೆವು ಎಂಬುದು ತಿಳಿಯಿತು. ಆ ರಾತ್ರಿ ಏನೂ ಆಗಲಿಲ್ಲ.

ಏನಾದರೂ ಆದ ರಾತ್ರಿಯೂ ನನ್ನ ಕಡತದಲ್ಲಿದೆ. ಅದಕ್ಕೆ ಎರಡು ವರ್ಷ ಮೊದಲು ಮತ್ತೊಬ್ಬ ಕಕ್ಷಿದಾರರ ಸರಕು ಹೊತ್ತ ಬಾಡಿಗೆ ಲಾರಿಯೊಂದು ಶಿರಾ ಸಮೀಪ ಬೆಳಗಿನ ನಾಲ್ಕೂವರೆಗೆ, ರಸ್ತೆ ಬದಿಯಲ್ಲಿ ನಿಂತಿದ್ದ ಮತ್ತೊಂದು ಲಾರಿಯ ಹಿಂಬದಿಗೆ ಅಪ್ಪಳಿಸಿತು. ಸರಕಿನ ವಿಮಾ ಹಣ ಏಳು ತಿಂಗಳಲ್ಲಿ ಕೈಸೇರಿತು. ಚಾಲಕನ ಬಲಗಾಲು ಮೊಣಕಾಲಿನಿಂದ ಕೆಳಗೆ ಹೋಯಿತು. ವಿಮೆಯ ಕಾಗದಪತ್ರಗಳನ್ನು ಸಿದ್ಧಪಡಿಸಲು ನೆರವಾದವನು ನಾನೇ. ಹಾನಿಯ ಕಾರಣವನ್ನು ಬರೆಯುವಲ್ಲಿ ‘ಚಾಲಕನ ಅಜಾಗರೂಕತೆ’ ಎಂದು ಬರೆಸಿದೆ. ಆ ಲಾರಿ ನಮ್ಮ ಕಕ್ಷಿದಾರರ ಗೇಟಿನಿಂದ ಎಷ್ಟು ಹೊತ್ತಿಗೆ ಹೊರಟಿತ್ತು ಎಂದು ನಾನು ಅಂದು ಕೇಳಲಿಲ್ಲ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯು ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆಗಳ ಮಿತಿಯನ್ನು ವಿಧಿಸಿತ್ತು. ದೂರದ ಮಾರ್ಗಗಳಿಗೆ ಅನುಮತಿ ಪಡೆದು ಹತ್ತು ಗಂಟೆಯವರೆಗೆ ದುಡಿಸಬಹುದಿತ್ತು. ಐದು ಗಂಟೆಗಳ ದುಡಿಮೆಗೆ ಮುನ್ನವೇ ಕನಿಷ್ಠ ಅರ್ಧ ಗಂಟೆಯ ವಿರಾಮ ಕಡ್ಡಾಯವಾಗಿತ್ತು. ಐವರು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗಷ್ಟೇ ಅದು ಅನ್ವಯಿಸುತ್ತಿದ್ದುದರಿಂದ ಒಂದೆರಡು ಲಾರಿಗಳ ಮಾಲೀಕರು ಅದರ ಹೊರಗೇ ಉಳಿದರು. ಆ ಕಾಯ್ದೆ ಈಗ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ದುಡಿಮೆಯ ಸ್ಥಿತಿಗತಿಗಳ ಸಂಹಿತೆ, 2020ರಲ್ಲಿ ವಿಲೀನಗೊಂಡಿದೆ; ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಎಂಟು ಗಂಟೆಯ ಮಿತಿ ಅದರಲ್ಲಿಯೂ ಉಳಿದಿದೆ. ಹುಬ್ಬಳ್ಳಿಯಿಂದ ಬೆಂಗಳೂರು ಸುಮಾರು 410 ಕಿ.ಮೀ.; ಮೇಲೆ ಹೇಳಿದ ವೇಗದಲ್ಲಿ ಬರಿಯ ಓಟಕ್ಕೇ ಹತ್ತು ಗಂಟೆ ಮೀರುತ್ತದೆ. ಎಂದರೆ, ನಾವು ಮಾಮೂಲು ಎಂದು ಭಾವಿಸಿರುವ ‘ರಾತ್ರಿ ಹೊರಟು ಬೆಳಿಗ್ಗೆ ತಲುಪುವ’ ಪ್ರಯಾಣವನ್ನು ಒಬ್ಬನೇ ಚಾಲಕನಿಂದ ಮಾಡಿಸುವುದು ಆರು ದಶಕಗಳ ಹಿಂದಿನ ಕಾನೂನಿನ ಲೆಕ್ಕದಲ್ಲಿಯೇ ಹೊಂದುವುದಿಲ್ಲ.

ಇ-ವೇ ಬಿಲ್ಲಿನ ಅವಧಿ ಮುಗಿಯುತ್ತದೆ, ಆದ್ದರಿಂದ ಲಾರಿ ಓಡಲೇಬೇಕು ಎಂಬ ಮಾತನ್ನು ನಮ್ಮ ವ್ಯಾಪಾರಿ ಮಿತ್ರರಿಂದ ಮೇಲಿಂದ ಮೇಲೆ ಕೇಳಿದ್ದೇನೆ. ಇದು ನನ್ನ ವೃತ್ತಿಯ ವಿಷಯವಾದುದರಿಂದ ಸ್ಪಷ್ಟವಾಗಿ ಹೇಳಬಲ್ಲೆ. 2021ರ ಜನವರಿ 1ರಿಂದ ಸಾಮಾನ್ಯ ಸರಕಿಗೆ ಪ್ರತಿ 200 ಕಿ.ಮೀ. ಅಥವಾ ಅದರ ಭಾಗಕ್ಕೆ ಒಂದು ದಿನದ ಅವಧಿ ಇದೆ. 410 ಕಿ.ಮೀ.ಗೆ ಮೂರು ದಿನ. ಸೋಮವಾರ ತಯಾರಿಸಿದ ಬಿಲ್ಲಿನ ಮೊದಲ ದಿನ ಮುಗಿಯುವುದೇ ಮಂಗಳವಾರದ ಮಧ್ಯರಾತ್ರಿಗೆ. ಆ ಲೆಕ್ಕದಲ್ಲಿ ಗುರುವಾರ ಮಧ್ಯರಾತ್ರಿಯವರೆಗೆ ಸರಕು ನಿರಾತಂಕವಾಗಿ ಸಾಗಬಹುದು. ಘಾಟಿ ಕುಸಿದರೆ, ಲಾರಿ ಕೆಟ್ಟರೆ, ಅವಧಿ ಮುಗಿಯುವ ಎಂಟು ಗಂಟೆ ಮೊದಲಿನಿಂದ ಎಂಟು ಗಂಟೆ ನಂತರದವರೆಗೆ ವಿಸ್ತರಿಸಿಕೊಳ್ಳಲು ಅವಕಾಶವಿದೆ. ತೆರಿಗೆಯ ಎರಡು ಪಟ್ಟು ದಂಡದ ಭಯ ನಿಜವಾದದ್ದೇ. ಆದರೆ ಅದನ್ನು ಚಾಲಕನ ನಿದ್ರೆಯ ಮೇಲೆ ಹೇರಲು ಸರಕಾರ ಹೇಳಿಲ್ಲ. ಅವಸರ ನಮ್ಮದು.

ಈಗ ಮೊಬೈಲ್ ಆ್ಯಪ್‌ನ ವಿಷಯಕ್ಕೆ ಬರೋಣ. ಮೇಲಿನ ಕಕ್ಷಿದಾರರು ಲಾರಿಗಳಿಗೆ ಜಿ.ಪಿ.ಎಸ್. ಅಳವಡಿಸಿದ್ದಾರೆ, ಅದರ ಆ್ಯಪ್ ಪ್ರತಿ ಪ್ರಯಾಣದ ನಂತರ ಒಂದು ವರದಿ ಕೊಡುತ್ತದೆ. ಅದರಲ್ಲಿ ಲಾರಿ ನಿಂತ ಪ್ರತಿಯೊಂದು ಸ್ಥಳ ಕೆಂಪು ಬಣ್ಣದಲ್ಲಿರುತ್ತದೆ, ‘ವ್ಯರ್ಥ ಸಮಯ’ ಎಂಬ ಶೀರ್ಷಿಕೆಯಡಿ. ಡಾಬಾದಲ್ಲಿ ಊಟಕ್ಕೆ ನಿಂತ ನಲವತ್ತು ನಿಮಿಷವೂ ಅಲ್ಲಿಯೇ, ಟಯರ್ ಪಂಕ್ಚರ್ ಆಗಿ ನಿಂತ ಎರಡು ಗಂಟೆಯೂ ಅಲ್ಲಿಯೇ. ಆದರೆ ನಮ್ಮದೇ ಗೇಟಿನೊಳಗೆ ನಿಂತ ಹತ್ತೂವರೆ ಗಂಟೆ ಆ ವರದಿಯಲ್ಲಿ ಎಲ್ಲಿಯೂ ಇರಲಿಲ್ಲ, ಏಕೆಂದರೆ ಆ್ಯಪ್ ಪ್ರಯಾಣವನ್ನು ಗೇಟಿನಿಂದ ಹೊರಟ ಕ್ಷಣದಿಂದ ಎಣಿಸುತ್ತದೆ! ಒಂದೇ ಜಮೆಯನ್ನು ಯಾವ ಶೀರ್ಷಿಕೆಗೆ ಹಾಕುತ್ತೇವೆ ಎಂಬುದರ ಮೇಲೆ ಲಾಭನಷ್ಟದ ಪಟ್ಟಿಯೇ ಬದಲಾಗುತ್ತದೆ ಎಂಬುದನ್ನು ವಾಣಿಜ್ಯ ಪದವಿಯ ಮೊದಲ ವರ್ಷದಲ್ಲಿಯೇ ಕಲಿತೆವು. ವಿಶ್ರಾಂತಿಯನ್ನು ನಷ್ಟದ ಶೀರ್ಷಿಕೆಗೆ ಹಾಕಿದ ಮೇಲೆ ಮಾಲೀಕನು ಅದನ್ನು ಕಡಿಮೆ ಮಾಡಲು ಯತ್ನಿಸುವುದು ಸಹಜ. ಅದು ಸಾಗಣೆಯ ವೆಚ್ಚ, ಡೀಸೆಲ್ ಇದ್ದಂತೆ.

ಆ ಲಾರಿಯ ಚಾಲಕನನ್ನು ಮಾತನಾಡಿಸಿದೆ. ಅವನು ಹೇಳಿದ್ದಿಷ್ಟೇ: “ನಿಲ್ಲಸಬೇಕಂದ್ರ ಎಲ್ಲರೆ ನಿಲ್ಲಸಬಹುದ್ರಿ ಸಾಹೇಬ್ರ. ನಿಲ್ಲಸಿದ ಹತ್ತು ಮಿನಿಟಿಗೆ ಫೋನ್ ಬರ್ತೈತಲ್ರಿ, ಯಾಕ ನಿಂತಿ ಅಂತ.” ದಾರಿ ತೋರಿಸುವ ಫೋನೂ ಅದೇ, ನಿದ್ರೆಗೆಡಿಸುವ ಫೋನೂ ಅದೇ.

ಆ್ಯಪ್‌ಗಳಿಂದ ಪ್ರಯೋಜನವಿಲ್ಲವೆಂದು ನಾನು ಹೇಳುತ್ತಿಲ್ಲ. ಗೂಗಲ್ ನಕ್ಷೆ ಕನ್ನಡದಲ್ಲಿಯೇ ದಾರಿ ಹೇಳುತ್ತದೆ. ಹೆದ್ದಾರಿ ಪ್ರಾಧಿಕಾರದ ‘ರಾಜಮಾರ್ಗಯಾತ್ರಾ’ ಆ್ಯಪ್ 2023ರಿಂದ ಇದೆ. ದಾರಿಯ ಸೌಲಭ್ಯಗಳನ್ನು ತೋರಿಸುತ್ತದೆ, ದೂರು ಸ್ವೀಕರಿಸುತ್ತದೆ. ತೈಲ ಕಂಪನಿಗಳು ಹೆದ್ದಾರಿ ಬದಿಯ ಬಂಕ್‌ಗಳಲ್ಲಿ ಲಾರಿ ಚಾಲಕರಿಗಾಗಿ ‘ಅಪ್ನಾ ಘರ್’ ಎಂಬ ತಂಗುಮನೆಗಳನ್ನು ತೆರೆದಿವೆ. ಹಾಸಿಗೆ, ಸ್ನಾನ, ಶೌಚ, ಅಡುಗೆ ಮಾಡಿಕೊಳ್ಳಲು ಸ್ಥಳ ಇವೆಲ್ಲ ಅಲ್ಲುಂಟು. ಅದೇ ಹೆಸರಿನ ಆ್ಯಪ್‌ನಿಂದ ಹಾಸಿಗೆಯನ್ನು ಮುಂಗಡವಾಗಿ ಕಾಯ್ದಿರಿಸಬಹುದು. ನಾನು ವಿಚಾರಿಸಿದ ಹನ್ನೆರಡು ಮಂದಿ ಸದಸ್ಯರಲ್ಲಿ ಇದರ ಹೆಸರು ಕೇಳಿದ್ದವರು ಒಬ್ಬರೇ. ಚಾಲಕರು ನಿರ್ಜನ ಸ್ಥಳದಲ್ಲಿ ನಿಲ್ಲಿಸಲು ಹಿಂಜರಿಯುವುದು ಡೀಸೆಲ್ ಮತ್ತು ತಾಡಪತ್ರಿಯ ಕಳವಿನ ಭಯದಿಂದ. ಕಳುವಾದರೆ ಅವರ ಸಂಬಳದಿಂದಲೇ ಮುರಿಯುವವರು ನಮ್ಮಲ್ಲಿ ಇದ್ದಾರೆ. ದೀಪ, ಕಾವಲು ಇರುವ ತಂಗುದಾಣ ಮುಂಚಿತವಾಗಿ ಗೊತ್ತಿದ್ದರೆ ಅರ್ಧ ಸಮಸ್ಯೆ ಬಗೆಹರಿದಂತೆ.

ಆದರೆ ನಾವು ಸಾಮಾನ್ಯವಾಗಿ ಬಳಸುವ ನಕ್ಷೆ ಕಾರಿನವರಿಗಾಗಿ ರೂಪಿಸಿದ್ದು. ಲಾರಿಯ ತೂಕ, ಎತ್ತರಗಳನ್ನು ಅದು ಕೇಳುವುದೇ ಇಲ್ಲ. ಶಿವಮೊಗ್ಗದಿಂದ ಉಡುಪಿಗೆ ದಾರಿ ಕೇಳಿದರೆ ಆಗುಂಬೆಯ ಹದಿನಾಲ್ಕು ತಿರುವುಗಳನ್ನು ತೋರಿಸಿಬಿಡಬಹುದು. ಭಾರಿ ಲಾರಿಗೆ ಅಲ್ಲಿ ಪ್ರವೇಶವಿಲ್ಲ. ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳ ಆದೇಶದಂತೆ ಘಾಟಿಗಳು ಮುಚ್ಚುತ್ತವೆ, ತೆರೆಯುತ್ತವೆ. ನಕ್ಷೆಗೆ ಅದು ತಡವಾಗಿ ತಿಳಿಯುತ್ತದೆ. ಘಾಟಿಯೊಳಗೆ ಸಿಗ್ನಲ್ ಸಿಗದಿರುವುದರಿಂದ ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಂಡಿರಬೇಕು. ಬೆಂಗಳೂರಿನಲ್ಲಿ ಭಾರಿ ವಾಹನಗಳಿಗೆ ಹಗಲಿನ ನಿಗದಿತ ವೇಳೆಯಲ್ಲಿ ಪ್ರವೇಶವಿಲ್ಲ. ರಾತ್ರಿಯಿಡೀ ನಿಲ್ಲದೆ ಓಡಿ ಬೆಳಿಗ್ಗೆ ನೆಲಮಂಗಲ ಮುಟ್ಟಿದ ಲಾರಿ ಅಲ್ಲಿಯೇ ಗಂಟೆಗಟ್ಟಲೆ ಕಾಯುವುದುಂಟು. ಆ ಗಂಟೆಗಳನ್ನು ಚಿತ್ರದುರ್ಗದಲ್ಲಿ ಮಲಗಿ ಕಳೆಯಬಹುದಿತ್ತು.

ಎಲ್ಲಿ ನಿಲ್ಲಬೇಕು ಎಂಬುದೂ ಸಣ್ಣ ವಿಷಯವಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಗುಡ್ಡ ಕುಸಿದದ್ದನ್ನು ಓದುಗರು ಮರೆತಿರಲಾರರು. ಗುಡ್ಡದ ಬುಡದಲ್ಲಿ ಚಹಾದಂಗಡಿ ಇತ್ತು. ಲಾರಿಗಳು ನಿಲ್ಲುವ ಸ್ಥಳ ಅದು. ಕಟ್ಟಿಗೆ ತುಂಬಿದ್ದ ಕೇರಳದ ಲಾರಿಯೊಂದು ಮತ್ತು ಅದರ ಚಾಲಕನ ದೇಹ ಗಂಗಾವಳಿ ನದಿಯಿಂದ ಹೊರಬಂದದ್ದು 71 ದಿನಗಳ ನಂತರ, ಸೆಪ್ಟೆಂಬರ್ 25ರಂದು. ಚಾಲಕ ಅಲ್ಲಿ ಮಾಡಬಾರದ್ದೇನನ್ನೂ ಮಾಡಿರಲಿಲ್ಲ. ದಾರಿಯ ಜೊತೆಗೆ ತಂಗುವ ಸ್ಥಳವನ್ನೂ ಕಛೇರಿಯಲ್ಲಿ ಕುಳಿತವರು ಮೊದಲೇ ಯೋಚಿಸಿರಬೇಕು ಎಂಬುದಕ್ಕೆ ಇದಕ್ಕಿಂತ ಕಹಿಯಾದ ನಿದರ್ಶನ ಬೇಕಾಗಿಲ್ಲ.

ಖರ್ಚಿನ ಮಾತು ಬಂದೇ ಬರುತ್ತದೆ. ಒಂದು ರಾತ್ರಿಯ ತಂಗುವಿಕೆಗೆ ಬತ್ತೆ, ಲಾರಿಯ ಕಂತು, ಬಾಡಿಗೆಯ ನಷ್ಟ ಎಲ್ಲ ಸೇರಿ 3,000 ರೂ. ಎಂದು ಇಟ್ಟುಕೊಳ್ಳೋಣ. ಹದಿನಾರು ಟನ್ನಿಗೆ ಹಂಚಿದರೆ ಕಿಲೋಗೆ 19 ಪೈಸೆಯೂ ಆಗುವುದಿಲ್ಲ. ಎರಕದ ಸರಕಿನ ಬೆಲೆಯಲ್ಲಿ ಇದು ಕಣ್ಣಿಗೆ ಕಾಣದ ಮೊತ್ತ. ಹಗುರ ಮತ್ತು ಅಗ್ಗದ ಸರಕಿನವರಿಗೆ, ತರಕಾರಿಯವರಿಗೆ ಈ ಲೆಕ್ಕ ಇಷ್ಟು ಸುಲಭವಲ್ಲ ಎಂಬುದನ್ನು ಒಪ್ಪುತ್ತೇನೆ; ಅವರಿಗೆ ಎರಡನೆಯ ಚಾಲಕನೇ ದಾರಿ. ಆದರೆ ಬಾಡಿಗೆ ಲಾರಿಯ ಚಾಲಕ ನಮ್ಮ ನೌಕರನಲ್ಲ, ಅವನ ನಿದ್ರೆ ನಮಗೇಕೆ ಎಂಬ ವಾದವನ್ನು ಮಾತ್ರ ಒಪ್ಪಲಾರೆ. ಲಾರಿ ಮಾಲೀಕರು ಸಮಯ ಹೇಳುವುದಿಲ್ಲ. ‘ನಾಳೆ ಬೆಳಿಗ್ಗೆ ಏಳಕ್ಕೆ ಮಾಲು ಮುಟ್ಟಬೇಕು’ ಎಂದು ಹೇಳುವವರು ನಾವು. ಲೋಡಿಂಗ್ ತಡಮಾಡುವವರೂ ನಾವೇ.

ಯುರೋಪಿನಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಚಾಲಕ 45 ನಿಮಿಷ ನಿಲ್ಲಲೇಬೇಕು. ಲಾರಿಯಲ್ಲಿನ ಯಂತ್ರ ಅದನ್ನು ದಾಖಲಿಸುತ್ತದೆ. ಅಮೆರಿಕದಲ್ಲಿ 2017ರ ಡಿಸೆಂಬರ್‌ನಿಂದ ಇಂತಹ ವಿದ್ಯುನ್ಮಾನ ದಾಖಲೆ ಕಡ್ಡಾಯ. ನಮ್ಮಲ್ಲಿ ಈಗ ಹೊಸದಾಗಿ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳಿಗೆ ಹವಾನಿಯಂತ್ರಿತ ಕ್ಯಾಬಿನ್ ಕಡ್ಡಾಯವಾಗಿದೆ, ಸಂತೋಷ. ಹಳೆಯ ಲಾರಿಗಳು ಇನ್ನೂ ಬಹುಕಾಲ ರಸ್ತೆಯಲ್ಲಿರುತ್ತವೆ. ಸರಕಾರದ ಯಂತ್ರ ಬರುವವರೆಗೆ ಕಾಯಬೇಕಾದ ಅಗತ್ಯವಿಲ್ಲ. ಫಾಸ್ಟ್ಯಾಗ್ ಸಂದೇಶವೇ ನಮ್ಮ ಫೋನಿಗೆ ಬರುತ್ತಿದೆಯಲ್ಲ.

ಆ ಕಕ್ಷಿದಾರರಿಗೆ ನಾನು ಬರೆದುಕೊಟ್ಟ ಟಿಪ್ಪಣಿಯಲ್ಲಿ ಹೆಚ್ಚೇನೂ ಇರಲಿಲ್ಲ. ಮಧ್ಯಾಹ್ನ ಮೂರರೊಳಗೆ ಲೋಡ್ ಮುಗಿಯದ ಲಾರಿ ಅಂದು ಹೊರಡಕೂಡದು. ಆ್ಯಪ್‌ನಲ್ಲಿ ಮಾರ್ಗವನ್ನು ತಲುಪುವ ವೇಳೆಯಿಂದ ಹಿಂದಕ್ಕೆ ಲೆಕ್ಕಹಾಕಿ, ತಂಗುವ ಸ್ಥಳ ಮತ್ತು ಗಂಟೆಯನ್ನು ಬಿಲ್ಟಿಯ ಮೇಲೆಯೇ ಬರೆಯಬೇಕು. ಆ ಗಂಟೆಗಳಲ್ಲಿ ಚಾಲಕನಿಗೆ ಯಾರೂ ಫೋನ್ ಮಾಡಕೂಡದು. ಲಾರಿ ಎಲ್ಲಿದೆಯೆಂದು ನೋಡಬೇಕಾದವರು ಆ್ಯಪ್‌ನಲ್ಲಿಯೇ ನೋಡಿಕೊಳ್ಳಲಿ. ವರದಿಯ ‘ವ್ಯರ್ಥ ಸಮಯ’ವನ್ನು ‘ವಿಶ್ರಾಂತಿ’, ‘ಕಾಯುವಿಕೆ’, ‘ದುರಸ್ತಿ’ ಎಂದು ಮೂರಾಗಿ ಒಡೆಯಬೇಕು. ಗೇಟಿನೊಳಗಿನ ಗಂಟೆಗಳು ಎರಡನೆಯದರಲ್ಲಿ ಸೇರಬೇಕು. 2020ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ನಿಯಮದಂತೆ ಚಾಲನೆಯ ವೇಳೆ ಫೋನನ್ನು ಮಾರ್ಗ ನೋಡಲು ಮಾತ್ರ, ಅದೂ ಗಮನ ಕೆಡದಂತೆ ಬಳಸಬಹುದು. ಆದ್ದರಿಂದ ಸ್ಟ್ಯಾಂಡ್ ಕೊಡಿಸಿ ಎಂದೂ ಸೇರಿಸಿದ್ದೆ.

ಅವರು ಮೊದಲ ತಿಂಗಳು ಗೊಣಗಿದರು. ಲೋಡಿಂಗ್ ಹಮಾಲರ ಪಾಳಿಯನ್ನು ಬೆಳಿಗ್ಗೆ ಎಂಟಕ್ಕೆ ಬದಲಾಯಿಸಿದ ಮೇಲೆ ಹತ್ತರಲ್ಲಿ ಏಳು ಲಾರಿಗಳು ಮೂರರೊಳಗೆ ಹೊರಡುತ್ತಿವೆ. ಉಳಿದ ಮೂರು ತಡವಾಗುವುದು ಬೆಂಗಳೂರಿನ ಖರೀದಿದಾರರು ಮಧ್ಯಾಹ್ನ ಆರ್ಡರ್ ಕೊಟ್ಟು ಮರುದಿನ ಬೆಳಿಗ್ಗೆಗೆ ಮಾಲು ಕೇಳುವುದರಿಂದ. ಅವರಿಗೆ, ಇನ್ನು ಮುಂದೆ ಮೂರು ಗಂಟೆಯ ನಂತರದ ಆರ್ಡರ್ ಒಂದು ದಿನ ತಡವಾಗಿ ತಲುಪುವುದೆಂದು ಪತ್ರ ಬರೆದಿದ್ದಾರೆ. ಕರಡು ತಿದ್ದಿಕೊಟ್ಟವನು ನಾನು. ಉತ್ತರ ಇನ್ನೂ ಬಂದಿಲ್ಲ.