ನಾಲ್ಕಂಗುಲದ ಹೆಮ್ಮೆ

ನಮ್ಮ ಮಲೆನಾಡಿನ ತರುಣರಿಗೆ ಈಚೆಗೆ ಹೊಸದೊಂದು ಗೀಳು ಹತ್ತಿದೆ. ಪಿಕಪ್ ಕೊಂಡ ಮೂರನೆಯ ತಿಂಗಳಿಗೇ ಅದನ್ನು ಬೆಂಗಳೂರಿಗೆ ಒಯ್ದು, ನಾಲ್ಕಂಗುಲ ಎತ್ತರಿಸಿ, ಟ್ರ್ಯಾಕ್ಟರಿನ ಚಕ್ರವನ್ನು ನೆನಪಿಸುವ ಟೈರುಗಳನ್ನು ತೊಡಿಸಿ, ಊರಿನ ಮುಖ್ಯರಸ್ತೆಯಲ್ಲಿ ಮೆರವಣಿಗೆ ಮಾಡುವುದು! ಇದು ಅನಗತ್ಯವೆಂದೂ, ನಮ್ಮ ಘಾಟಿಗಳಲ್ಲಿ ಅಪಾಯಕಾರಿಯೆಂದೂ ನಾನು ವಾದಿಸುತ್ತೇನೆ. ಓದುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಮುನಿಸು ಬಂದೀತು. ಬರಲಿ. ಭೌತಶಾಸ್ತ್ರದ ಅವಧಿಯಲ್ಲಿಯೂ ನಿಮಗೆ ನನ್ನ ಮೇಲೆ ಮುನಿಸೇ ಇತ್ತು.

ಮೂಡಿಗೆರೆಯ ಕಡೆ ತೋಟ ಮಾಡಿಕೊಂಡಿರುವ ಶಿಷ್ಯನೊಬ್ಬ ದೂರವಾಣಿಯಲ್ಲಿ ಹೇಳಿದ ಮಾತು ಹೀಗಿತ್ತು: "ಸಾರ್, ನಮ್ಮ ತೋಟದ ದಾರಿ ನಿಮಗೆ ಗೊತ್ತಲ್ಲ. ಮಳೆಗಾಲದಲ್ಲಿ ತಳ ತಾಗುತ್ತದೆ. ಎತ್ತರಿಸದೆ ಗತಿಯಿಲ್ಲ." ಮೊದಲರ್ಧ ಸತ್ಯ, ಅದನ್ನು ನಾನು ಒಪ್ಪುತ್ತೇನೆ. ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಆಗುಂಬೆಯ ಮಾತಿರಲಿ, ಅದರ ಅರ್ಧ ಬೀಳುವ ಊರುಗಳಲ್ಲೂ ಜುಲೈ ತಿಂಗಳ ತೋಟದ ದಾರಿ ಎರಡು ಕಾಲುವೆಗಳ ನಡುವಿನ ಒಂದು ದಿಬ್ಬವಾಗಿಬಿಡುತ್ತದೆ. ಆದರೆ ತಾಗುವುದು ಯಾವ ಭಾಗ ಎಂಬ ಪ್ರಶ್ನೆಯನ್ನು ಅವನೂ ಕೇಳಿಕೊಂಡಿರಲಿಲ್ಲ, ನಾಲ್ಕಂಗುಲದ ಬೆಲೆ ಹೇಳಿದ ಕಾರ್ಯಾಗಾರದವರೂ ಕೇಳಿರಲಿಲ್ಲ.

ಪಿಕಪ್ಪಿನ ಅಡಿಗೆ ಒಮ್ಮೆ ಬಗ್ಗಿ ನೋಡಿ. ಹಿಂಬದಿಯಲ್ಲಿ ಪಟ್ಟಿ ಸ್ಪ್ರಿಂಗುಗಳ ಮೇಲೆ ನಿಂತ ಇಡಿಯಾದ ಆಕ್ಸಲ್ ಇದೆ. ಅದರ ನಡುವಿನ ಡಿಫರೆನ್ಷಿಯಲ್ಲಿನ ಗುಂಡೇ ಅನೇಕ ಪಿಕಪ್ಪುಗಳಲ್ಲಿ ನೆಲಕ್ಕೆ ಅತಿ ಸಮೀಪದ ಭಾಗ. ಸ್ಪ್ರಿಂಗಿನ ಅಡಿಗೆ ನೀವು ಎಷ್ಟೇ ದಪ್ಪದ ದಿಮ್ಮಿಯಿಟ್ಟು ಎತ್ತರಿಸಿದರೂ ಮೇಲೇಳುವುದು ಚಾಸಿಸ್ ಮತ್ತು ಮೈಕಟ್ಟು ಮಾತ್ರ. ಆಕ್ಸಲ್ ಚಕ್ರಗಳ ಮಧ್ಯದಲ್ಲಿ ಇದ್ದಲ್ಲೇ ಇರುತ್ತದೆ! ಅದನ್ನು ಎತ್ತಬಲ್ಲುದು ಟೈರಿನ ವ್ಯಾಸವೊಂದೇ, ಅದೂ ಹೆಚ್ಚಿದ ವ್ಯಾಸದ ಅರ್ಧದಷ್ಟು. 245/70 ಆರ್ 16 ಟೈರಿನ ವ್ಯಾಸ ಸುಮಾರು 749 ಮಿಲಿಮೀಟರ್. ಅದರ ಜಾಗದಲ್ಲಿ 265/70 ಹಾಕಿದರೆ 777, ಅಂದರೆ ಡಿಫರೆನ್ಷಿಯಲ್ ಏರುವುದು 14 ಮಿಲಿಮೀಟರ್. 265/75 ಹಾಕಿದರೆ 804, ಏರಿಕೆ 27. ಇಷ್ಟೇ. ಉಳಿದ ಎತ್ತರವೆಲ್ಲ ದಾರಿಯ ನಡುವಿನ ಕಲ್ಲಿಗೆ ಸಂಬಂಧಪಟ್ಟದ್ದಲ್ಲ, ನೋಡುವವರ ಕಣ್ಣಿಗೆ ಸಂಬಂಧಪಟ್ಟದ್ದು.

ಹಾಗೆಂದು ಎತ್ತರಿಸುವುದರಿಂದ ಏನೂ ಪ್ರಯೋಜನವಿಲ್ಲವೆಂದು ನಾನು ಹೇಳುತ್ತಿಲ್ಲ. ಎಂಜಿನ್ನಿನ ಅಡಿಯ ರಕ್ಷಣಾ ತಗಡು, ಮುಂಭಾಗದ ಮೂತಿ, ಎರಡು ಚಕ್ರಗಳ ನಡುವಿನ ಹೊಟ್ಟೆ ಇವು ಉಬ್ಬುಗಳಿಗೆ ತಾಗುತ್ತಿದ್ದರೆ ನಲವತ್ತು ಮಿಲಿಮೀಟರಿನ ಏರಿಕೆ ನಿಜವಾಗಿ ಒದಗಿಬರುತ್ತದೆ. ಅದಕ್ಕೂ ಮೊದಲು ಒಂದು ಅಳತೆ ತೆಗೆಯಿರಿ. ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಕಮಾನಿನವರೆಗೆ ಟೇಪು ಹಿಡಿದು, ಹೊಸ ವಾಹನವೊಂದರ ಅಳತೆಯೊಂದಿಗೆ ಹೋಲಿಸಿ. ಏಳೆಂಟು ವರ್ಷ ಗೊಬ್ಬರ, ಕಾಫಿ ಹೊತ್ತ ಸ್ಪ್ರಿಂಗು ಕುಸಿದಿರುವುದೇ ಹೆಚ್ಚು. ಅಂಥಲ್ಲಿ ಬೇಕಾದದ್ದು ಲಿಫ್ಟ್ ಅಲ್ಲ, ಹೊಸ ಸ್ಪ್ರಿಂಗು.

ನಲವತ್ತಕ್ಕೇ ಏಕೆ ನಿಲ್ಲಬೇಕು? ಮುಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಶಾಫ್ಟುಗಳ ಕೀಲುಗಳು ಒಂದು ಮಿತಿಯ ಕೋನದಲ್ಲಿ ತಿರುಗಲೆಂದು ರಚಿತವಾದವು. ಮೈಕಟ್ಟನ್ನು ವಿಪರೀತ ಎತ್ತಿದಾಗ ಆ ಶಾಫ್ಟುಗಳು ಕಡಿದಾಗಿ ಇಳಿಬಿದ್ದು, ಕೀಲಿನ ರಬ್ಬರು ಚೀಲ ಹರಿದು, ಕೆಸರು ಒಳಹೊಕ್ಕು, ಕೀಲೇ ಹಾಳಾಗುತ್ತದೆ. ಮೇಲಿನ ತೋಳಿನ ಬಾಲ್ ಜಾಯಿಂಟು ತನ್ನ ಕೊನೆಯ ಅಂಚಿಗೆ ಬಂದು ನಿಲ್ಲುತ್ತದೆ. ಚಕ್ರಗಳ ಜೋಡಣೆಯನ್ನು ಮತ್ತೆ ಸರಿಪಡಿಸಿಕೊಳ್ಳಲು ಬೇಕಾದ ಅವಕಾಶವೂ ಮುಗಿದುಹೋಗುತ್ತದೆ. ಸುಮಾರು ಎರಡಂಗುಲದೊಳಗೆ ಇರುವವರಿಗೆ ಈ ಕಾಟಗಳು ಬಹುಮಟ್ಟಿಗೆ ತಪ್ಪುತ್ತವೆ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಹುಲ್ಲು ಹೇರಿದ ಗಾಡಿ ಏಕೆ ಬೇಗ ಮಗುಚುತ್ತದೆ ಎಂಬ ಪ್ರಶ್ನೆಯನ್ನು ನಾನು ಪ್ರತಿವರ್ಷ ಕೇಳುತ್ತಿದ್ದೆ, ನೀವು ಪ್ರತಿವರ್ಷ "ಗುರುತ್ವ ಕೇಂದ್ರ ಮೇಲಿರುವುದರಿಂದ" ಎಂದು ಬರೆದು ಎರಡು ಅಂಕ ಪಡೆಯುತ್ತಿದ್ದಿರಿ. ಅದೇ ನೀವು ಈಗ ಗುರುತ್ವ ಕೇಂದ್ರವನ್ನು ಹಣ ಕೊಟ್ಟು ಮೇಲೇರಿಸುತ್ತಿದ್ದೀರಿ! ಎಡಬಲ ಚಕ್ರಗಳ ಅಂತರದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿ. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ ವಾಹನ ಮಗುಚುವ ಅಪಾಯವನ್ನು 2001ರ ಮಾದರಿಗಳಿಂದ ಅಂದಾಜಿಸುತ್ತ ಬಂದಿರುವುದು ಈ ಭಾಗಲಬ್ಧವನ್ನು ಆಧರಿಸಿಯೇ. ಅಂತರ 1570 ಮಿಲಿಮೀಟರ್, ಗುರುತ್ವ ಕೇಂದ್ರದ ಎತ್ತರ 720 ಎಂದು ಉದಾಹರಣೆಗೆ ಭಾವಿಸಿದರೆ ಭಾಗಲಬ್ಧ 1.09. ಐವತ್ತು ಮಿಲಿಮೀಟರ್ ಏರಿದರೆ 1.02. ನೂರು ಏರಿದರೆ 0.96. ಪಕ್ಕಕ್ಕೆ ವಾಲಬಲ್ಲ ಗರಿಷ್ಠ ಕೋನ ನಲವತ್ತೇಳರಿಂದ ನಲವತ್ತನಾಲ್ಕು ಡಿಗ್ರಿಯ ಸುಮಾರಿಗೆ ಇಳಿಯಿತು. ಸ್ಪ್ರಿಂಗು, ಟೈರುಗಳು ಒಂದು ಬದಿಗೆ ಅಮುಕಿಕೊಳ್ಳುವ ನಿಜವಾದ ತಿರುವಿನಲ್ಲಿ ಇಷ್ಟೂ ಉಳಿದಿರುವುದಿಲ್ಲ. ಚಾರ್ಮಾಡಿಯ ತಿರುವಿನಲ್ಲಿ ಆ ಮೂರು ಡಿಗ್ರಿಯನ್ನು ಯಾರಲ್ಲಿ ಸಾಲ ಕೇಳುತ್ತೀರಿ?

ಟೈರಿನದೂ ಹೀಗೆಯೇ. 804ರ ಟೈರು ಮೂಲಕ್ಕಿಂತ ಶೇಕಡಾ 7ರಷ್ಟು ದೊಡ್ಡದು. ವೇಗಮಾಪಕ 80 ತೋರಿಸುವಾಗ, ಮೊದಲು ಅದು ಸರಿಯಾಗಿತ್ತೆಂದೇ ಇಟ್ಟುಕೊಂಡರೆ, ನೀವು ಹೋಗುತ್ತಿರುವುದು ಸುಮಾರು 86ರಲ್ಲಿ. ಚಕ್ರದ ಅಂಚಿಗೆ ತಲಪುವ ಬಲ ಅಷ್ಟೇ ಪ್ರಮಾಣದಲ್ಲಿ ತಗ್ಗುತ್ತದೆ. ಶಿರಾಡಿ ಇಳಿಯುವಾಗ ಎರಡನೆಯ ಗೇರಿನಲ್ಲಿ ಎಂಜಿನ್ ಹಿಡಿದು ನಿಲ್ಲಿಸುವ ಶಕ್ತಿಯೂ ತಗ್ಗುತ್ತದೆ, ಬ್ರೇಕಿಗೆ ಬೀಳುವ ಹೊರೆ ಹೆಚ್ಚುತ್ತದೆ. ಅಗಲ ಟೈರು ಮರಳಿನಲ್ಲಿ ತೇಲೀತು, ನಿಜ. ನಮ್ಮ ಜೇಡಿಯ ಮೇಲೆ ಅದು ಜಾರುವುದೇ ಹೆಚ್ಚು. ಹಳೆಯ ವಿಲ್ಲೀಸ್ ಮಾದರಿಯ ಜೀಪುಗಳು 6.00-16ರ ಬಡಕಲು ಟೈರುಗಳಲ್ಲಿ, ಮಳೆಗಾಲದಲ್ಲಿ ಚಕ್ರಕ್ಕೆ ಸರಪಳಿ ಬಿಗಿದುಕೊಂಡು, ಕೆಸರನ್ನು ಸೀಳಿ ಕೆಳಗಿನ ಗಟ್ಟಿ ನೆಲವನ್ನು ಹಿಡಿದು ಹೋಗುತ್ತಿದ್ದುದನ್ನು ನೀವೆಲ್ಲ ಕಂಡವರೇ. ಒಂದು ಅಳತೆ ಮಾತ್ರ ದೊಡ್ಡದಾದ, ಆಳವಾದ ಹಲ್ಲುಗಳ ಆಲ್ ಟೆರೇನ್ ಟೈರು ಸಾಕು. ಅದರ ಭಾರವಹನ ಸೂಚ್ಯಂಕ ಮೂಲ ಟೈರಿನದಕ್ಕಿಂತ ಕಡಿಮೆಯಿರದಂತೆ ನೋಡಿಕೊಳ್ಳಿ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರು ನಮೂದಿಸಿದ್ದಕ್ಕೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ ಐದು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ, ಇಲ್ಲವೇ ಎರಡನ್ನೂ ವಿಧಿಸಬಹುದೆಂದು ಸಾರಿತು. "ಎಲ್ಲರೂ ಮಾಡಿಸುತ್ತಾರೆ ಸಾರ್" ಎಂಬುದು ಉತ್ತರವಲ್ಲ. ನಲವತ್ತು ಮಿಲಿಮೀಟರಾದರೂ ಸರಿಯೆ, ಸಾರಿಗೆ ಕಚೇರಿಯನ್ನೂ ವಿಮೆಯವರನ್ನೂ ಮೊದಲೇ ಬರವಣಿಗೆಯಲ್ಲಿ ಕೇಳಿರಿ. ಒಪ್ಪದಿದ್ದರೆ ಮೂಲ ಅಳತೆಯ ಒಳ್ಳೆಯ ಟೈರು ಮತ್ತು ಹೊಸ ಸ್ಪ್ರಿಂಗಿಗೇ ನಿಲ್ಲಿಸಿರಿ. ಒಪ್ಪಿದರೆ, ಹೊಸ ಎತ್ತರಕ್ಕೆ ಹೊಂದುವ ಶಾಕ್ ಅಬ್ಸಾರ್ಬರುಗಳನ್ನೇ ಹಾಕಿಸಿ, ಹೆಡ್‌ಲೈಟುಗಳನ್ನು ಕೆಳಕ್ಕೆ ಹೊಂದಿಸದೆ ಕಾರ್ಯಾಗಾರದಿಂದ ಹೊರಗೆ ಬರಬೇಡಿ. ಎದುರು ಬರುವ ಸ್ಕೂಟರಿನವನ ಕಣ್ಣಿಗೆ ಬೆಳಕು ಚುಚ್ಚುವುದು ನಿಮ್ಮ ಆಸನದಿಂದ ಕಾಣಿಸುವುದಿಲ್ಲ. ಎತ್ತರದ ಬಾನೆಟ್ಟಿನ ಮುಂದೆ ರಸ್ತೆ ದಾಟುತ್ತಿರುವ ಎರಡನೆಯ ತರಗತಿಯ ಹುಡುಗಿಯೂ ಕಾಣಿಸುವುದಿಲ್ಲ. ಶಾಲೆಯ ಗೇಟಿನ ಬಳಿ ಮೂವತ್ತು ವರ್ಷ ನಿಂತವನ ಮಾತಿದು, ಉತ್ಪ್ರೇಕ್ಷೆಯಲ್ಲ.

ಮತ್ತೊಂದು. ಸರಕಿನ ವಾಹನದ ಹಿಂಭಾಗದಲ್ಲಿ ಜನರನ್ನು ಸಾಗಿಸುವುದು ಕಾನೂನಿಗೆ ವಿರುದ್ಧ. ಆದಾಗ್ಯೂ ಬೆಳಗಿನ ಎಂಟು ಗಂಟೆಗೆ ನಮ್ಮ ರಸ್ತೆಗಳಲ್ಲಿ ನಿಂತು ನೋಡಿ, ತೋಟದ ಕೆಲಸಕ್ಕೆ ಹೋಗುವ ಹೆಂಗಸರು ಪಿಕಪ್ಪಿನ ಹಿಂದೆ ಒಬ್ಬರ ಭುಜ ಒಬ್ಬರು ಹಿಡಿದು ನಿಂತಿರುತ್ತಾರೆ. ನಾನು ಮೇಲೆ ಮಾಡಿದ ಲೆಕ್ಕದಲ್ಲಿ ಅವರಿರಲಿಲ್ಲ. ನಿಂತ ಹತ್ತು ಜನರ ಭಾರವನ್ನು ಸೇರಿಸಿದರೆ ಗುರುತ್ವ ಕೇಂದ್ರ ಇನ್ನೂ ಮೇಲೇರುತ್ತದೆ. ಮಗುಚಿದಾಗ ಸೀಟು ಬೆಲ್ಟು ಇರುವುದು ಚಾಲಕನಿಗೆ ಮಾತ್ರ. ಅವರನ್ನು ಬಸ್ಸಿನಲ್ಲೋ ಜೀಪಿನಲ್ಲೋ ಕರೆತನ್ನಿ ಎಂಬ ಜಗಳವನ್ನು ಬೇರೆಯಾಗಿಯೇ ಆಡುವವನಿದ್ದೇನೆ.

ಕಾಫಿ ಮೂಟೆಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಐವತ್ತು ಕಿಲೋದ ಮೂಟೆಯನ್ನು ಹತ್ತು ಸೆಂಟಿಮೀಟರ್ ಹೆಚ್ಚು ಎತ್ತಲು ಬೇಕಾಗುವ ಕಾರ್ಯ 49 ಜೂಲ್, ಕಾಗದದ ಮೇಲೆ ಅತ್ಯಲ್ಪ. ಆದರೆ ಸೊಂಟದ ಎತ್ತರಕ್ಕಿದ್ದ ಹಿಂಬಾಗಿಲು ಎದೆಯ ಎತ್ತರಕ್ಕೆ ಹೋದರೆ ಮೂಟೆಯನ್ನು ಸರಿಸುವ ಬದಲು ಎಸೆಯಬೇಕಾಗುತ್ತದೆ. ಕೊಯ್ಲಿನ ಕಾಲದಲ್ಲಿ ದಿನಕ್ಕೆ ನಲವತ್ತು ಮೂಟೆ ಹೇರುವಾತನನ್ನು ಲಿಫ್ಟ್ ಮಾಡಿಸುವ ಮೊದಲು ಒಮ್ಮೆ ಕೇಳಿ ನೋಡಿ.