ಜೋಳದ ನಾಡಿಗೆ ಸಕ್ಕರೆಯ ಚೀಲ

2025ನೆಯ ಇಸವಿಯ ಅಕ್ಟೋಬರ ತಿಂಗಳಲ್ಲಿ ನಮ್ಮ ರಾಜ್ಯದ ಮಂತ್ರಿಮಂಡಲವು ಪಡಿತರದ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲಾಗಿ ಬೇಳೆ, ಎಣ್ಣೆ, ಸಕ್ಕರೆ, ಉಪ್ಪುಗಳ ಕಿಟ್ ಹಂಚಲು ಒಪ್ಪಿಗೆಯನ್ನಿತ್ತಿತು. ಬರಿಯ ಅಕ್ಕಿಯಿಂದ ಹೊಟ್ಟೆ ತುಂಬೀತೇ ಹೊರತು ಮೈಗೆ ಕಸುವು ಬಾರದೆಂಬುದನ್ನು ಸರಕಾರದವರು ತಡವಾಗಿಯಾದರೂ ಮನಗಂಡುದಕ್ಕೆ ನಾವು ಸಂತೋಷಪಡುತ್ತೇವೆ. ಆದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಜನರು ಆ ಯಾದಿಯನ್ನು ಓದಿ ಕೇಳಬೇಕಾದ ಪ್ರಶ್ನೆಯೊಂದಿದೆ. ಸಕ್ಕರೆಗೆ ಅದರಲ್ಲಿ ಸ್ಥಳ ದೊರೆಯಿತು; ಜೋಳಕ್ಕೇಕೆ ದೊರೆಯಲಿಲ್ಲ?

ನಮ್ಮ ಭಾಗದ ಊಟವೆಂದರೆ ರೊಟ್ಟಿ, ಪಲ್ಲೆ, ಶೇಂಗಾ ಚಟ್ನಿ. ಇದು ಬರಿಯ ರೂಢಿಯ ಮಾತಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಕೋಷ್ಟಕಗಳ ಪ್ರಕಾರ, ನೂರು ಗ್ರಾಂ ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರಿನಂಶ ಮೂರು ಗ್ರಾಮಿಗಿಂತ ಕಡಿಮೆ. ಜೋಳದಲ್ಲಿ ಹತ್ತು ಗ್ರಾಂ. ಕಬ್ಬಿಣದ ಅಂಶವಂತೂ ಜೋಳದಲ್ಲಿ ಹಲವು ಪಟ್ಟು ಹೆಚ್ಚು. ಬಸುರಿ ಹೆಂಗಸಿಗೆ, ಬೆಳೆಯುವ ಕೂಸಿಗೆ ಇದರ ಅರ್ಥವೇನೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹೊಲವುಳ್ಳವನು ತನ್ನ ಮನೆಮಟ್ಟಿಗಾದರೂ ನಾಲ್ಕು ಸಾಲು ಜೋಳ ಬಿತ್ತಿಕೊಂಡಾನು. ಬನಹಟ್ಟಿಯ ನೇಕಾರನಿಗೆ ಹೊಲವೆಲ್ಲಿ, ಹಗೇವೆಲ್ಲಿ? ಅವನು ಪೇಟೆಯ ಧಾರಣೆಯಲ್ಲಿ ಜೋಳ ಕೊಳ್ಳಬೇಕು. ಕೈಯಲ್ಲಿ ದುಡ್ಡಿಲ್ಲದವನು ಪಡಿತರದ ಅಕ್ಕಿಯನ್ನು ಮಾರಿ ಆ ಹಣದಿಂದ ಜೋಳ ತರುವುದುಂಟು. ಕಾಯಿದೆಯ ದೃಷ್ಟಿಯಲ್ಲಿ ಅದು ಅಪರಾಧ. ತನ್ನ ನಾಡಿನ ಅನ್ನವನ್ನುಣ್ಣಲು ಬಯಸಿದವನನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುವ ವ್ಯವಸ್ಥೆಯನ್ನು ನಾವು ಏನೆಂದು ಕರೆಯೋಣ?

ಕಾಯಿದೆಯಾದರೂ ಜೋಳವನ್ನು ಮರೆತಿಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು ಅಕ್ಕಿಗೆ ಕಿಲೋ ಒಂದಕ್ಕೆ 3 ರೂಪಾಯಿ, ಗೋದಿಗೆ 2 ರೂಪಾಯಿ, ಜೋಳ-ಸಜ್ಜೆಗಳಂಥ ಒರಟು ಧಾನ್ಯಗಳಿಗೆ 1 ರೂಪಾಯಿ ಎಂದು ಬರೆದಿಟ್ಟಿತು. 2023ರಿಂದ ಅದೂ ಇಲ್ಲದೆ ಧರ್ಮಾರ್ಥವಾಯಿತು. ಧರ್ಮಾರ್ಥವೆಂದೆವೇ? ತಪ್ಪಾಯಿತು. 2001ರಲ್ಲಿ ಗೋದಾಮುಗಳು ತುಂಬಿರಲು ಜನರು ಹಸಿದಿರುವುದನ್ನು ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಎಂಬ ಸಂಸ್ಥೆಯು ಸುಪ್ರೀಂ ಕೋರ್ಟಿನ ಮುಂದಿಟ್ಟಿತು. ಆ ವರ್ಷದ ನವೆಂಬರ 28ರ ಆಜ್ಞೆಯಿಂದ ಪಡಿತರ, ಅಂಗನವಾಡಿ, ಶಾಲೆಯ ಬಿಸಿಯೂಟಗಳು ಸರಕಾರದ ಕೃಪೆಯಾಗಿ ಉಳಿಯದೆ ಪ್ರಜೆಯ ಹಕ್ಕಾದುವು. ಕಾಯಿದೆಯು ಹಕ್ಕು ಎನ್ನುತ್ತದೆ, ನಮ್ಮ ಸರಕಾರದವರು ಭಾಗ್ಯ ಎನ್ನುತ್ತಾರೆ. ಭಾಗ್ಯವೆಂದಮೇಲೆ ಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡು ಹೋಗಬೇಕಲ್ಲದೆ, ಇದೇಕೆ, ಅದೇಕಿಲ್ಲ ಎಂದು ಕೇಳುವುದೆಂತು?

ಉತ್ತರ ಕರ್ನಾಟಕದ ಪಡಿತರದಲ್ಲಿ ಜೋಳವು ಎಂದೂ ಬಂದೇ ಇಲ್ಲವೆಂದು ನಾವು ಹೇಳುವುದಿಲ್ಲ. ಖರೀದಿಯಾದಾಗ ಬರುತ್ತದೆ, ತೀರಿದಾಗ ಮತ್ತೆ ಅಕ್ಕಿ. ಜೋಳಕ್ಕೆ ಬೇಗ ಹುಳ ಬೀಳುತ್ತದೆಂಬ ನೆವವನ್ನು ಅಧಿಕಾರಿಗಳು ಮುಂದೊಡ್ಡುತ್ತಾರೆ. ಅದರಲ್ಲಿ ನಿಜವಿಲ್ಲದಿಲ್ಲ. ಆದರೆ ಖರೀದಿಸಿದ ಜೋಳವನ್ನು ಹಂಚಿ ಮುಗಿಸಲು ಇದ್ದ ಮೂರು ತಿಂಗಳ ಅವಧಿಯನ್ನು ಕೇಂದ್ರ ಸರಕಾರವು 2021ರಲ್ಲಿಯೇ ಆರು ತಿಂಗಳಿಗೆ ಏರಿಸಿದೆ. ಬೆಳೆದ ಜಿಲ್ಲೆಯಲ್ಲಿಯೇ ಹಂಚುವ ಧಾನ್ಯಕ್ಕೆ ಆರು ತಿಂಗಳು ಸಾಲದೇ? ನಿಜವಾದ ತೊಡಕು ಬೆಲೆಯದು. ಪೇಟೆಯ ಧಾರಣೆಯು ಬೆಂಬಲ ಬೆಲೆಗಿಂತ ಮೇಲಿರುವ ವರ್ಷ ರೈತನು ಖರೀದಿ ಕೇಂದ್ರದ ಕಡೆಗೆ ಏಕೆ ಬಂದಾನು?

ಇನ್ನು ಕಬ್ಬಿನ ಮಾತು. ಕೃಷ್ಣಾ-ಘಟಪ್ರಭೆಗಳ ನೀರು ಹರಿದಲ್ಲೆಲ್ಲ ಹೊಲಗಳು ಕಬ್ಬಿಗೆ ಒಲಿದುವು. ಕಬ್ಬಿಗೆ ಕೇಂದ್ರವು ವರ್ಷವರ್ಷವೂ ದರ ಗೊತ್ತುಮಾಡುತ್ತದೆ. ಅದು ಸಾಲದೆಂದು 2025ರ ನವೆಂಬರದಲ್ಲಿ ಮುಧೋಳದ ರೈತರು ಬೀದಿಗಿಳಿದರು. ಅವರ ಬೇಡಿಕೆ ನ್ಯಾಯವಾದುದೆಂದೇ ನಮ್ಮ ಮತ. ಆದರೆ ಜೋಳಕ್ಕಾಗಿ ರಸ್ತೆ ತಡೆದವರನ್ನು ನಾವು ಕಂಡಿಲ್ಲ. ಸಕ್ಕರೆಯನ್ನು ಕಿಟ್ಟಿನಿಂದ ತೆಗೆಯಿರೆಂದು ಕಾರ್ಖಾನೆಗಳ ನಾಡಿನಲ್ಲಿ ಕುಳಿತು ಬರೆಯುವುದರಿಂದ ನಮ್ಮ ಮೇಲೆ ಮುನಿಯುವವರಿದ್ದಾರು, ಮುನಿಯಲಿ. ಸಿಹಿಮೂತ್ರದ ಬೇನೆಯು ಬಡವರ ಮನೆಯನ್ನೂ ಹೊಕ್ಕಿರುವ ಈ ಕಾಲದಲ್ಲಿ ಸರಕಾರವೇ ಸಕ್ಕರೆಯನ್ನು ಪೌಷ್ಟಿಕ ಆಹಾರದ ಹೆಸರಿನಲ್ಲಿ ಹಂಚುವುದು ನಮಗೆ ಒಪ್ಪಿಗೆಯಿಲ್ಲ.

ಸಕ್ಕರೆಯ ಹಣವನ್ನು ಜೋಳದ ಬೆಂಬಲ ಬೆಲೆಯ ಮೇಲೆ ಪ್ರೋತ್ಸಾಹಧನವಾಗಿ ಸೇರಿಸಿರಿ. ಹಿಂಗಾರಿ ಬಿತ್ತನೆಗೆ ಮೊದಲೇ ಆ ದರವನ್ನು ಸಾರಿರಿ. ಬೀಳಗಿಯ ಎರೆಹೊಲದ ರೈತನು ಅದನ್ನು ನಂಬಿ ಕೂರಿಗೆ ಹೂಡಿಯಾನು. ಜನರೂ ಸುಮ್ಮನಿರಲಾಗದು. ಪ್ರತಿ ಪಡಿತರ ಅಂಗಡಿಗೂ ಜಾಗೃತ ಸಮಿತಿಯಿರಬೇಕೆಂದೂ, ಜಿಲ್ಲೆಗೊಬ್ಬ ಕುಂದುಕೊರತೆ ನಿವಾರಣಾಧಿಕಾರಿ ಇರಬೇಕೆಂದೂ, ಅವನ ಮೇಲೆ ರಾಜ್ಯ ಆಹಾರ ಆಯೋಗವಿರಬೇಕೆಂದೂ ಅದೇ ಕಾಯಿದೆಯು ವಿಧಿಸಿದೆ. ನಾಲ್ಕು ತಾಲೂಕುಗಳ ಗ್ರಾಮಸಭೆಗಳು ಜೋಳ ಬೇಕೆಂದು ಠರಾವು ಮಾಡಿ ಅವರಿಗೆ ಕಳುಹಲಿ. ನೇಕಾರರ ಸಂಘಗಳು ತಮ್ಮ ಅರ್ಜಿಯನ್ನು ಬೇರೆಯಾಗಿಯೇ ಕೊಡಲಿ. ಅರ್ಜಿ ಬರೆಯಲು ಬಾರದವರು ನಮ್ಮ ಕಚೇರಿಗೆ ಬಂದರೆ ಬರೆದುಕೊಡಲು ಏರ್ಪಾಡು ಮಾಡಿದ್ದೇವೆ.